ನಿಂತವಳು ಹೊರುವ ಬುಟ್ಟಿ

ಇತ್ತೀಚೆಗೆ ನನಗೊಂದು ಚಟ ಹತ್ತಿದೆ. ಭಾನುವಾರ ಮಧ್ಯಾಹ್ನ ಊಟ ಮುಗಿದ ಮೇಲೆ ಚಾಪೆಯಿಲ್ಲ, ದಿಂಬಿಲ್ಲ, ನಡುಮನೆಯ ಫರ್ಸಿಯ ಮೇಲೆ ಬರಿಮೈಯಲ್ಲೆಂಬಂತೆ ಅಡ್ಡಾಗಿ, ಕೆನ್ನೆಯನ್ನು ಕಲ್ಲಿಗೆ ಒತ್ತಿ ಮಲಗಿಬಿಡುವುದು. ನಮ್ಮ ಕಡೆಯ ಮನೆಗಳಿಗೆಲ್ಲ ಶಹಾಬಾದಿನ ಫರ್ಸಿಕಲ್ಲೇ ನೆಲ. ಹೊರಗೆ ಬಿಸಿಲು ಹಂಚಿನಂತೆ ಕಾದಿದ್ದರೂ ಆ ಕಲ್ಲು ಮಾತ್ರ ತನ್ನ ತಂಪನ್ನು ಬಿಟ್ಟುಕೊಡುವುದಿಲ್ಲ. ಒಂದು ಕಲ್ಲು ಬೆಚ್ಚಗಾದರೆ ಪಕ್ಕದ ಕಲ್ಲಿಗೆ ಸರಿಯುತ್ತೇನೆ. ಹೀಗೆ ಸರಿಯುತ್ತ ಸರಿಯುತ್ತ ಒಮ್ಮೆ ತಲೆಬಾಗಿಲ ಬಳಿಯ ಚಪ್ಪಲಿಗಳವರೆಗೂ ಪ್ರಯಾಣ ಮಾಡಿದ್ದುಂಟು.

ಮೊದಲ ಸಲ ನಮ್ಮ ಯಜಮಾನರು ಈ ದೃಶ್ಯ ನೋಡಿದಾಗ ಅವರ ಕೈಯಲ್ಲಿದ್ದ ತರಕಾರಿ ಚೀಲ ಕೆಳಗೆ ಬಿತ್ತು. ನನ್ನನ್ನು ಕರೆದೂ ನೋಡದೆ ಒಳಗೆ ಓಡಿ, ಉಳ್ಳಾಗಡ್ಡಿ ಜಜ್ಜಿ ತಂದು ಮೂಗಿಗೆ ಹಿಡಿದರು. ಕಣ್ಣಲ್ಲಿ ನೀರು ಬಂದು ಎದ್ದು ಕುಳಿತೆ.

"ಅಯ್ಯ, ನಂಗೇನೂ ಆಗಿಲ್ಲರಿ. ತಂಪಿಗಂತ ಮಲಗೇನಿ."

"ಮನ್ಯಾಗ ಗಾದಿ ಇಲ್ಲೇನು?"

"ಗಾದಿ ಮ್ಯಾಲ ನೀವ್ ಮಲಗ್ರಿ. ನಿಮ್ಮ ಮೈ ತಣ್ಣಗ ಅದ."

ಅಂದಿನಿಂದ ಅವರು ಮನೆಯೊಳಗೆ ಬರುವಾಗ ಮೊದಲು ನೆಲ ನೋಡಿ ಹೆಜ್ಜೆ ಇಡುತ್ತಾರೆ. ಆಳಂದದ ಹೊಸ ಮನೆಗಳನ್ನು ನೋಡಿ ನಮ್ಮ ನಡುಮನೆಗೂ ಮೊಸಾಯಿಕ್ ಹಾಕಿಸಬೇಕೆಂಬ ಆಸೆ ಅವರಿಗೆ. ನಾನು ಇರುವತನಕ ಫರ್ಸಿಯ ಮೈ ಮುಟ್ಟಬೇಡಿ ಎಂದಿದ್ದೇನೆ.

ಏನಾಗಿದೆ ನನಗೆ ಎಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಮುಟ್ಟು ನಿಲ್ಲುವ ಕಾಲ. ನಮ್ಮ ಕಡೆ ಇದರ ಬಗ್ಗೆ ಇಷ್ಟು ಉದ್ದ ಮಾತಾಡುವ ಪದ್ಧತಿ ಇಲ್ಲ. ಬಾವಿಕಟ್ಟೆಯಲ್ಲಿ ಒಬ್ಬಳು "ನಿಂತದೇನು?" ಎಂದರೆ ಇನ್ನೊಬ್ಬಳು "ನಿಂತದ" ಎನ್ನುತ್ತಾಳೆ. ಅಲ್ಲಿಗೆ ಮಾತು ಮುಗಿದು ಕೊಡ ತುಂಬಿರುತ್ತದೆ. ನಡುವೆ ಎಷ್ಟು ವರ್ಷ ಏನೇನು ಕುದಿಯಿತು, ಯಾರ ಮೇಲೆ ಸಿಟ್ಟು ಬಂತು, ಎಷ್ಟು ಸಲ ಸುಮ್ಮಸುಮ್ಮನೆ ಅಳು ಬಂತು, ಅದೆಲ್ಲ ಆ ಎರಡು ಮಾತುಗಳೊಳಗೇ ಅಡಗಿಹೋಗಬೇಕು. ನಾನು ಬಾಯಿಬಡುಕಿ, ಮೇಲಾಗಿ ಮೇಷ್ಟ್ರ ಕೆಲಸ. ನನ್ನ ಕೈಲಿ ಅದು ಆಗುವುದಿಲ್ಲ.

ಶಾಲೆಯಲ್ಲಿ ನನ್ನ ಅವತಾರ ಕೇಳಬೇಡಿ. ಸಂಕ್ರಾಂತಿ ಹತ್ತಿರದ ಚಳಿಯಲ್ಲಿ ಹುಡುಗಿಯರೆಲ್ಲ ಸ್ವೆಟರಿನೊಳಗೆ ಕತ್ತು ಹುದುಗಿಸಿ ಕುಳಿತಿದ್ದರೆ ನಾನು ಒಂದೊಂದೇ ಕಿಡಕಿ ತೆರೆಯುತ್ತ ಹೋಗುತ್ತೇನೆ. ಮುಂದಿನ ಬೆಂಚಿನ ಹುಡುಗಿ "ಟೀಚರ್, ಒಂದು ಕಿಡಕಿನಾರ ಮುಚ್ಚಲೇನ್ರಿ?" ಎಂದು ಹಲ್ಲು ಕಟಕಟಿಸುತ್ತ ಕೇಳಿದಾಗ, ಶುದ್ಧ ಗಾಳಿಯ ಮಹತ್ವದ ಮೇಲೆ ಒಂದು ಪಾಠವನ್ನೇ ಮಾಡಿದೆ. ಇನ್ನೊಂದು ದಿನ, ಎಂದೂ ಭಾಗಾಕಾರ ಬಾರದ ಹುಡುಗಿಯೊಬ್ಬಳು ಬೋರ್ಡಿನ ಮೇಲೆ ಲೆಕ್ಕ ಸರಿ ಮಾಡಿದ್ದಕ್ಕೆ ನನಗೆ ಗಳಗಳ ಅಳು ಬಂತು. ತಪ್ಪು ಮಾಡಿದ್ದೇನೆಂದು ತಿಳಿದು ಆ ಕೂಸು ಸರಿಯಾದ ಉತ್ತರವನ್ನು ಗಾಬರಿಯಿಂದ ಒರೆಸಿಹಾಕಿತು.

ಈ ವಿಷಯದಲ್ಲಿ ನನಗೆ ಜೊತೆಗಾತಿಯೆಂದರೆ ಯಶೋಧರಾ ಟೀಚರು. ಖಜೂರಿಯ ಬೌದ್ಧ ಮನೆತನದವರು, ಮಾತಿನ ನಡುವೆ ಮರಾಠಿ ಹಾಕುತ್ತಾರೆ, ದಿನಾ ಅಲ್ಲಿಂದ ಬಸ್ಸಿಗೆ ಬರುತ್ತಾರೆ. ಬಸ್ಸು ತಪ್ಪಿದರೆ ಗಡಿ ದಾಟಿ ಬರುವ ಲಾರಿಯನ್ನು ಕೈಮಾಡಿ ನಿಲ್ಲಿಸಿ, ಡ್ರೈವರನ ಪಕ್ಕ ರಾಣಿಯಂತೆ ಕುಳಿತು ಬರುತ್ತಾರೆ. ಅವರಿಗೆ ಇನ್ನೂ ಸಣ್ಣ ವಯಸ್ಸಿನಲ್ಲೇ ಹೊಟ್ಟೆನೋವಿಗೆಂದು ಹೋದಾಗ ಗರ್ಭಚೀಲ ತೆಗೆದುಬಿಟ್ಟಿದ್ದರಂತೆ. ಒಂದು ದಿನ ನಾನು ನನ್ನ ಗೋಳು ಹೇಳಿಕೊಳ್ಳುತ್ತ "ನಿಮ್ದು ಯಾವಾಗ ನಿಂತಿತ್ರಿ?" ಎಂದು ಕೇಳಿದೆ.

"ನಂದು ನಿಂತಿಲ್ಲರಿ ಬಾಯಿ, ನಿಲ್ಲಿಸ್ಯಾರ" ಎಂದರು. ಚೀಲ ಹೆಗಲಿಗೇರಿಸುತ್ತ, "ಆದ್ರ ನಾ ನಿಂತಿಲ್ಲ" ಎಂದರು.

ಖರೇ ಮಾತು. ನೀರಿನ ಕೊಡ ಸಹ ಎತ್ತಬಾರದೆಂದು ಡಾಕ್ಟರರು ಹೇಳಿ ಕಳಿಸಿದ ಆ ಹೆಂಗಸು ಈಗ ನಮ್ಮ ಶಾಲೆಯ ಹುಡುಗಿಯರಿಗೆ ಖೋ ಖೋ ಕಲಿಸುತ್ತಾರೆ. ಸೆರಗು ಸೊಂಟಕ್ಕೆ ಕಟ್ಟಿ, ಸೀಟಿ ಊದುತ್ತ, ಹುಡುಗಿಯರಿಗಿಂತ ಮುಂದೆ ಓಡುತ್ತಾರೆ. ಅವರನ್ನು ನೋಡಿದಾಗಲೆಲ್ಲ ಫರ್ಸಿಯ ಮೇಲೆ ಹೊರಳಾಡುವ ನನಗೆ ನನ್ನ ಮೇಲೇ ನಗು ಬರುತ್ತದೆ.

ಹಾಗೆ ಮಲಗಿದಾಗ ಕಣ್ಣೆದುರು ಬರುವವರು ನಮ್ಮ ಮನೆಯ ಹೆಂಗಸರು. ನನ್ನ ತವರು ನರೋಣಾ. ಎಪ್ಪತ್ತರ ದಶಕದ ಮೊದಲ ವರ್ಷಗಳು. ನಾನು ಆಗ ಕಲಬುರಗಿಯಲ್ಲಿ ಟೀಚರ್ ಟ್ರೇನಿಂಗ್ ಮಾಡುತ್ತಿದ್ದ ಹುಡುಗಿ. ಮನೆಯಲ್ಲಿ ಆಯಿ, ಅಂದರೆ ನನ್ನ ತಂದೆಯ ತಾಯಿ. ಆಕೆಗೆ ಇಬ್ಬರು ಸೊಸೆಯಂದಿರು: ಹಿರಿಯಳು ನೀಲಮ್ಮ, ನನಗೆ ದೊಡ್ಡವ್ವ. ಕಿರಿಯಳು ಕಾಶೀಬಾಯಿ, ನನ್ನ ಅವ್ವ. ಇವರಲ್ಲದೆ ನೆಲೋಗಿಗೆ ಕೊಟ್ಟಿದ್ದ ಆಯಿಯ ಮಗಳು ಸಿದ್ದಮ್ಮತ್ತಿ. ಆಗಾಗ ಬರುವವಳು, ಬಂದಾಗ ಮನೆಯೆಲ್ಲ ತಾನೇ ಆಗುವವಳು.

ಸಿದ್ದಮ್ಮತ್ತಿಗೆ ನಿಂತಾಗ ಆಕೆ ಮಾಡಿದ ಕೆಲಸ ನಮ್ಮ ಸೀಮೆಯಲ್ಲಿ ಇನ್ಯಾರೂ ಮಾಡಿರಲಾರರು. ನೆಲೋಗಿಯಿಂದ ಜೇವರ್ಗಿ, ಜೇವರ್ಗಿಯಿಂದ ಕಲಬುರಗಿ, ಕಲಬುರಗಿಯಿಂದ ನರೋಣಾ, ಹೀಗೆ ಬಸ್ಸಿನ ಮೇಲೆ ಬಸ್ಸು ಹತ್ತಿ ಒಬ್ಬಳೇ ಬಂದಳು. ಕೈಯಲ್ಲಿ ಪೇಡೆಯ ಪೊಟ್ಟಣ. ಕಟ್ಟೆಯ ಮೇಲೆ ಕುಳಿತಿದ್ದ ಗಂಡಸರಿಂದ ಶುರುಮಾಡಿ ಎಲ್ಲರಿಗೂ ಹಂಚಿದಳು. ನಮ್ಮಪ್ಪ ಎರಡು ತಿಂದು, "ಎದಕ ಪೇಡೆ ಅಕ್ಕ? ಮಗನಿಗಿ ಕನ್ಯಾ ಗೊತ್ತಾಯ್ತೇನು?" ಎಂದು ಕೇಳಿದರು.

"ಕನ್ಯಾ ಅಲ್ಲ ಬಿಡೋ. ತಿನ್ನು ನೀ" ಎಂದು ಒಳಗೆ ಬಂದಳು. ಅಡುಗೆಮನೆಯಲ್ಲಿ ನಮ್ಮೆದುರು ಕಾಲು ಚಾಚಿ ಕುಳಿತು, "ನಂದು ನಿಂತದಬೇ! ಇನ್ನ ಹಡಿಯೂದಿಲ್ಲ, ಬಾಣಂತನ ಇಲ್ಲ. ಖುಲ್ಲಾ ಆಗೇನಿ!" ಎಂದು ಘೋಷಿಸಿದಳು. ಹಡೆದು ಹಡೆದು ಹೈರಾಣಾದ ಹೆಂಗಸು ಅದು. ದೊಡ್ಡವ್ವ ನಕ್ಕೂ ನಕ್ಕೂ ಕೆಮ್ಮಿದಳು. ಹೊರಗೆ ಅಪ್ಪ ಮೂರನೆಯ ಪೇಡೆ ಇದೆಯೇ ಎಂದು ಕೇಳಿ ಕಳಿಸಿದ್ದರು. ಕಾರಣ ಅವರಿಗೆ ಕೊನೆತನಕ ಗೊತ್ತಾಗಲಿಲ್ಲ.

ದೊಡ್ಡವ್ವನದು ಇದಕ್ಕೆ ತದ್ವಿರುದ್ಧ. ಆಕೆಗೆ ನಿಲ್ಲಲೇ ಒಲ್ಲದು. ವಯಸ್ಸು ಮೀರಿದರೂ ತಿಂಗಳ ಬಟ್ಟೆ ತಪ್ಪಲಿಲ್ಲ. ಬಂದರೆ ನೆಲ ಹಿಡಿಯುವಷ್ಟು ಹೋಗುವುದು. ಮುಖ ಬಿಳಚಿ, ಕಣ್ಣ ಸುತ್ತ ಕಪ್ಪಾಗಿ, ಆದರೂ ಕೆಲಸ ಬಿಡದ ಜೀವ. ಬಲವೆಲ್ಲ ಸಿಟ್ಟಿನೊಳಗೆ ಉಳಿದಿತ್ತು. ಆಕೆ ರೊಟ್ಟಿ ಬಡಿಯುವ ಸದ್ದು ಕೇಳಿಯೇ ಗಂಡಸರು ಆ ದಿನ ಮನೆಯಲ್ಲಿರಬೇಕೋ ಹೊಲಕ್ಕೆ ಹೋಗಬೇಕೋ ಎಂದು ನಿರ್ಧರಿಸುತ್ತಿದ್ದರು.

ಇನ್ನು ನಮ್ಮ ಅವ್ವ. ಅಫಜಲಪುರದ ಕಡೆಯ, ಭೀಮಾ ದಂಡೆಯ ಊರಿನವಳು. ಮಾತು ಕಡಿಮೆ. ಬಾಯಿ ತೆರೆದರೆ ಹಲ್ಲು ಎಣಿಸುತ್ತಾರೋ ಎಂಬಂತೆ ತುಟಿ ಬಿಗಿದುಕೊಂಡೇ ಇರುವವಳು. ಆಕೆಗೆ ಬರುತ್ತಿದ್ದುದು ಝಳ. ಒಲೆಯ ಮುಂದೆ ಕುಳಿತು ರೊಟ್ಟಿ ಮಾಡುತ್ತಿರುವಾಗಲೇ ಎದೆಯಿಂದ ಕುತ್ತಿಗೆಗೆ, ಕುತ್ತಿಗೆಯಿಂದ ಕಿವಿಗೆ ಕೆಂಪು ಏರುವುದು. ಹಂಚಿನ ಮೇಲೆ ರೊಟ್ಟಿ ಬಿಟ್ಟು ಎದ್ದು ಹೋಗಿ ಅಂಗಳದಲ್ಲಿ ನಿಂತುಬಿಡುವಳು. ಒಂದು ದಿನ ದೊಡ್ಡವ್ವ ಒಳಗಿನಿಂದ ಕೂಗಿದಳು.

"ಕಾಶೀ, ಹಂಚಿನ ಮ್ಯಾಲಿಂದು ಸುಡಾಕತ್ತದ!"

"ಸುಡ್ಲಿ ಬಿಡ್ರಿ ಅಕ್ಕ. ನಾನೂ ಸುಡಾಕತ್ತೇನಿ."

ಅವ್ವ ಅಷ್ಟು ಉದ್ದದ ಮಾತಾಡಿದ್ದು ಕೇಳಿ ದೊಡ್ಡವ್ವ ಬೆಪ್ಪಾಗಿ ತನ್ನ ಹಂಚಿನ ರೊಟ್ಟಿ ತಿರುವಲು ಮರೆತಳು. ಆ ದಿನ ಎರಡು ರೊಟ್ಟಿ ಸುಟ್ಟವು.

ಈಗ ನಮ್ಮ ಮನೆತನದ ಒಂದು ಪದ್ಧತಿ ಹೇಳಬೇಕು. ನಮ್ಮದು ಲಿಂಗವಂತರ ಮನೆ. ಕೊರಳಲ್ಲಿ ಲಿಂಗವಿದ್ದ ಹೆಣ್ಣಿಗೆ ಯಾವ ಸೂತಕವೂ ಇಲ್ಲ ಎನ್ನುವುದು ಆಯಿಯ ಖಡಕ್ ಮಾತು. ತಿಂಗಳ ದಿನಗಳಲ್ಲೂ ನಮ್ಮ ಮನೆಯ ಹೆಂಗಸರು ಮೂಲೆಯಲ್ಲಿ ಕೂಡಲಿಲ್ಲ. ಮಿಂದು, ಲಿಂಗಪೂಜೆ ಮಾಡಿಕೊಂಡು, ನೇರ ಒಲೆಯ ಮುಂದೆ. ಹೊರಗೆ ಕೂಡುವ ಪದ್ಧತಿಯಿದ್ದ ಮನೆಯ ಹುಡುಗಿಯರು ನನ್ನನ್ನು ಕಂಡು ಹೊಟ್ಟೆಕಿಚ್ಚು ಪಡುತ್ತಿದ್ದರು. ನಾನಂತೂ ಆ ವಿಷಯದಲ್ಲಿ ಮೂಗು ಮೇಲೆ ಮಾಡಿಕೊಂಡೇ ತಿರುಗುತ್ತಿದ್ದೆ.

ಆದರೆ ವರ್ಷದಲ್ಲಿ ಒಂದು ದಿನ, ಒಂದೇ ಒಂದು ದಿನ, ಈ ಧೈರ್ಯ ಹೊಲದ ಬದುವಿನ ಹತ್ತಿರ ಬಂದು ನಿಂತುಬಿಡುತ್ತಿತ್ತು. ಅದು ಎಳ್ಳಮಾಸಿ, ಅಂದರೆ ಎಳ್ಳ ಅಮಾವಾಸ್ಯೆ. ಬಿಳಿಜೋಳ ತೆನೆಯೊಳಗೆ ಹಾಲುಗಟ್ಟುವ ಹೊತ್ತು. ಭೂಮಿತಾಯಿ ತುಂಬಿದ ಬಸುರಿ ಎಂದು ನಮ್ಮವರ ಲೆಕ್ಕ. ಬಸುರಿಗೆ ಬಯಕೆಯ ಊಟ ಕೊಡುವುದೇ ಆ ಹಬ್ಬ. ಸಜ್ಜೆ ಕಡಬು, ಎಳ್ಳು ಹಚ್ಚಿದ ರೊಟ್ಟಿ, ಶೇಂಗಾ ಹೋಳಿಗೆ, ಕಾಳು ಸೊಪ್ಪು ಎಲ್ಲ ಕೂಡಿಸಿ ಕುದಿಸಿದ ಭಜ್ಜಿ, ಹೊಸ ಗಡಿಗೆಯಲ್ಲಿ ಅಂಬಲಿ. ಭಜ್ಜಿಯ ಬಗ್ಗೆ ಬರೆಯಲು ಕುಳಿತರೆ ನಾನು ಬೇರೆ ದಾರಿ ಹಿಡಿದೇನು. ಅದರ ರುಚಿ ಗೊತ್ತಿಲ್ಲದವರು ಒಮ್ಮೆ ಎಳ್ಳಮಾಸಿಗೆ ನಮ್ಮ ಕಡೆ ಬರಬೇಕು, ಅಷ್ಟೆ. ಇದೆಲ್ಲವನ್ನೂ ಬುಟ್ಟಿಯಲ್ಲಿಟ್ಟು ಹೊಲಕ್ಕೆ ಒಯ್ದು, ಬೇವಿನ ಗಿಡದ ಕೆಳಗೆ ಸುಣ್ಣ ಹಚ್ಚಿದ ಐದು ಕಲ್ಲುಗಳಿಗೆ, ಅಂದರೆ ಪಾಂಡವರಿಗೆ, ಎಡೆ ಹಿಡಿದು, ಆಮೇಲೆ ಹೊಲದ ತುಂಬ ಚೆಲ್ಲುತ್ತ ಹೋಗುವುದಕ್ಕೆ ಚರಗ ಚೆಲ್ಲುವುದು ಎನ್ನುತ್ತೇವೆ.

ಬೇರೆ ಮನೆಗಳಲ್ಲಿ ಈ ಬುಟ್ಟಿಯನ್ನು ಯಾವ ಹೆಂಗಸು ಬೇಕಾದರೂ ಹೊರುತ್ತಾಳೆ. ನಮ್ಮಲ್ಲಿ ಹಾಗಿಲ್ಲ. ಚರಗದ ಬುಟ್ಟಿ ಹೊರುವವಳು ಮನೆಯ ಸೊಸೆಯಾಗಿರಬೇಕು, ಮತ್ತು ಆಕೆಗೆ ನಿಂತಿರಬೇಕು. ಬಸುರಿಯ ಮುಂದೆ ಮುಟ್ಟಾದವಳು ಹೋದರೆ ಬಸುರು ಇಳಿಯುತ್ತದೆ ಎಂಬ ಅಂಜಿಕೆ. ಆ ದಿನ ಯಾರಿಗಾದರೂ ತಿಂಗಳದ್ದಾಗಿದ್ದರೆ ಅವರು ಬಂಡಿಯಲ್ಲಿ ಹೊಲದ ತನಕ ಬರಬಹುದು, ಕೆಳಗೆ ಇಳಿಯುವಂತಿಲ್ಲ. ನಾನು ಸಣ್ಣವಳಿದ್ದಾಗ "ಮನ್ಯಾಗ ನಡೀತದ, ಹೊಲದಾಗ ಯಾಕ ನಡೆಯಂಗಿಲ್ಲ ಆಯಿ? ಹೊಲದಾಗ ಲಿಂಗ ಕೊರಳಾಗ ಇರಂಗಿಲ್ಲೇನು?" ಎಂದು ಕೇಳಿ ತಲೆಗೊಂದು ಮೊಟಕಿಸಿಕೊಂಡಿದ್ದೆ. ಆಯಿಯ ಅತ್ತೆ ಹಾಗೆ ಮಾಡಿದ್ದಳು, ಆಯಿಯೂ ಹಾಗೆ ಮಾಡಿದಳು.

ಆ ಬುಟ್ಟಿಯೆಂದರೆ ಏನೆಂದು ನಿಮಗೆ ಹೇಗೆ ಹೇಳಲಿ. ವರ್ಷವಿಡೀ ಗಂಡಸರ ಹೆಸರಿನಲ್ಲಿರುವ ಹೊಲ ಆ ಒಂದು ಬೆಳಗು ಅದನ್ನು ಹೊತ್ತವಳದು. ಆಕೆ ಐದು ಕಲ್ಲಿನ ಮುಂದೆ ಎಡೆ ಇಟ್ಟು ಕೈಯೆತ್ತುವತನಕ ಗಂಡಸರು ಬಾವಿಯ ಹತ್ತಿರ ನಿಂತು ಕಾಯಬೇಕು. ಹಸಿವಾಗಲಿ, ನೀರಡಿಕೆಯಾಗಲಿ, ಒಬ್ಬರೂ ಒಂದು ತುತ್ತು ಮುಟ್ಟುವಂತಿಲ್ಲ. ಹೀಗಾಗಿ ಬೇರೆ ಮನೆಗಳಲ್ಲಿ ಮುಟ್ಟು ನಿಂತರೆ ಮುದುಕಿಯಾದಳು ಎನ್ನುತ್ತಿದ್ದರು. ನಮ್ಮ ಮನೆಯಲ್ಲಿ ಬುಟ್ಟಿಗೆ ಬಂದಳು ಎನ್ನುತ್ತಿದ್ದರು. ಇಂಥ ಮನೆಯಲ್ಲಿ ಹುಟ್ಟಿದ್ದಕ್ಕೆ ನನಗೆ ಇವತ್ತಿಗೂ ಹೆಮ್ಮೆ, ಮೊಟಕಿಸಿಕೊಂಡದ್ದನ್ನು ಲೆಕ್ಕಕ್ಕೆ ಹಿಡಿದೂ.

ನಾನು ಟ್ರೇನಿಂಗಿನಲ್ಲಿದ್ದ ವರ್ಷ ಆಯಿಯ ಮೊಣಕಾಲು ಕೈಕೊಟ್ಟವು. ಬುಟ್ಟಿ ಹೊತ್ತು ನಡೆಯುವುದು ಸಾಧ್ಯವಿಲ್ಲವೆಂದು ಆಕೆಗೇ ತಿಳಿಯಿತು. ಯಾರಿಗೆ ಕೊಡುವುದು? ಸರದಿಯ ಪ್ರಕಾರ ಹಿರಿಯ ಸೊಸೆ ದೊಡ್ಡವ್ವನದು. ಆದರೆ ಆಕೆಗೆ ನಿಂತಿಲ್ಲ. ಅವ್ವನಿಗೆ ನಾಗರಪಂಚಮಿಯ ಹಿಂದೆ ಮುಂದೆ ನಿಂತದ್ದು ದಸರೆಗೂ ಬರಲಿಲ್ಲ, ದೀಪಾವಳಿಗೂ ಬರಲಿಲ್ಲ. ಆಯಿ ಅವಸರದಲ್ಲಿದ್ದಳು. "ಮುಗೀತು ಬಿಡು, ಇನ್ನೇನು ಬರಂಗಿಲ್ಲ" ಎಂದು ತೀರ್ಮಾನ ಮಾಡಿ, ತಾನು ತಲೆಯ ಮೇಲಿಟ್ಟುಕೊಳ್ಳುತ್ತಿದ್ದ ಸಿಂಬೆಯನ್ನು ಅವ್ವನ ಕೈಗೆ ಕೊಟ್ಟಳು.

ಈಗ ನನ್ನ ಮೈಯೇ ನನಗೆ ಕಲಿಸಿದೆ, ಅದು ಹಾಗೆಲ್ಲ ಒಂದೇ ಏಟಿಗೆ ಹೋಗುವುದಿಲ್ಲವೆಂದು. ಎದ್ದು ಚಪ್ಪಲಿ ಮೆಟ್ಟಿದ ಮೇಲೂ ಹೊಸ್ತಿಲಲ್ಲಿ ನಿಂತು ಮಾತು ತೆಗೆಯುವ ಬೀಗರಂತೆ ಅದರ ಸ್ವಭಾವ. ಹೋಯಿತೆಂದು ಬಾಗಿಲು ಹಾಕಿಕೊಂಡರೆ ಮತ್ತೆ ಕದ ತಟ್ಟುತ್ತದೆ. ಆಯಿಗೆ ಇದು ತಿಳಿಯದ್ದೇನಲ್ಲ. ಆದರೆ ಬುಟ್ಟಿ ಖಾಲಿ ಉಳಿದೀತೆಂಬ ಅಂಜಿಕೆಯಲ್ಲಿ ಆಕೆ ತಿಳಿದದ್ದನ್ನೂ ಮರೆತಳು.

ನಾನು ಆಗ ದೀಪಾವಳಿ ರಜೆಗೆ ಊರಿಗೆ ಬಂದಿದ್ದೆ. ಒಂದು ವಾರ ದೊಡ್ಡವ್ವ ರೊಟ್ಟಿ ಬಡಿದ ಸದ್ದಿಗೆ ಗುಬ್ಬಿಗಳು ಮಾಡಿನಲ್ಲಿ ಕೂಡಲಿಲ್ಲ ಎನ್ನುವುದಷ್ಟೇ ನನಗೆ ನೆನಪು. ಅವ್ವನಿಗೂ ಸಂಕಟವಿತ್ತು. ಆದರೆ ಸಿಂಬೆಯನ್ನು ಆಕೆ ದಿನಾ ಸಂಜೆ ಬಿಚ್ಚಿ ಮತ್ತೆ ಬಿಗಿಯಾಗಿ ಸುತ್ತಿ ಇಡುವುದನ್ನು ನಾನು ನೋಡಿದೆ. ಜೀವನದಲ್ಲಿ ಏನನ್ನೂ ಕೇಳದ ನಮ್ಮವ್ವನಿಗೆ ಈ ಬುಟ್ಟಿ ಬೇಕಾಗಿತ್ತು. ಬೇಕೆಂದರೆ ಅಷ್ಟಿಷ್ಟು ಬೇಕಲ್ಲ.

ಎಳ್ಳಮಾಸಿಯ ಹಿಂದಿನ ದಿನ ನಾನು ಮತ್ತೆ ಕಲಬುರಗಿಯಿಂದ ಬಂದೆ. ಬಂದ ದಿನವೇ ನನಗೆ ತಿಂಗಳದ್ದಾಯಿತು. ದೊಡ್ಡವ್ವನಿಗೂ ಅದೇ ದಿನಗಳು ನಡೆದಿದ್ದವು. ಹೀಗಾಗಿ ಹಬ್ಬದ ಬೆಳಿಗ್ಗೆ ಬಂಡಿ ಹೊಲದ ಬದುವಿಗೆ ಹೋಗಿ ನಿಂತಾಗ ನಾವಿಬ್ಬರೂ ಬಂಡಿಯಲ್ಲೇ ಉಳಿದೆವು. ಆಯಿಯನ್ನು ಮೊದಲೇ ನಡೆಸಿಕೊಂಡು ಹೋಗಿ ಬೇವಿನ ಗಿಡದ ಕೆಳಗೆ, ಐದು ಕಲ್ಲಿನ ಪಕ್ಕ ಕೂಡಿಸಿದ್ದರು. ಗಂಡಸರು ಆಚೆ ಬಾವಿಯ ಹತ್ತಿರ. ಅವ್ವ ಹೊಸ ಇಳಕಲ್ ಸೀರೆ ಉಟ್ಟು, ತಲೆಯ ಮೇಲೆ ಬುಟ್ಟಿ ಇಟ್ಟುಕೊಂಡು, ಜೋಳದ ನಡುವಿನ ಕಾಲುದಾರಿಯಲ್ಲಿ ಹೊರಟಳು. ಹಿಂದೆ, ಹಬ್ಬಕ್ಕೆಂದು ನೆಲೋಗಿಯಿಂದ ಬಂದಿದ್ದ ಸಿದ್ದಮ್ಮತ್ತಿ, ಕೈಯಲ್ಲಿ ಅಂಬಲಿ ಗಡಿಗೆ. ಬಂಡಿಯಿಂದ ನಮಗೆ ತೆನೆಗಳ ಮೇಲೆ ಬುಟ್ಟಿ ತೇಲುತ್ತ ಹೋಗುವುದು ಕಾಣುತ್ತಿತ್ತು. ದೊಡ್ಡವ್ವ ಬೇರೆ ಕಡೆ ಮುಖ ತಿರುಗಿಸಿ ಕುಳಿತಿದ್ದಳು, ಆದರೆ ಕಣ್ಣು ಅಲ್ಲೇ ಇತ್ತು.

ಜೋಳ ದಾಟಿ, ಬಂಡಿಯಿಂದ ಪೂರ್ತಿ ಕಾಣುವ ಬಯಲಿಗೆ ಬಂದು, ಗಿಡ ಇನ್ನೇನು ಬಂತು ಎನ್ನುವಾಗ ಬುಟ್ಟಿ ನಿಂತಿತು.

"ಯಾಕ ನಿಂತಿ ಕಾಶಿ? ಮುಳ್ಳು ನೆಟ್ಟಿತೇನು?" ಸಿದ್ದಮ್ಮತ್ತಿಯ ದನಿ.

ಅವ್ವ ಒಂದು ಕೈ ಬುಟ್ಟಿಗೆ ಹಿಡಿದಿದ್ದಳು, ಇನ್ನೊಂದು ಕೈಯಲ್ಲಿ ಸೀರೆಯ ನೆರಿಗೆ ಹಿಡಿದಿದ್ದಳು. ಸೀರೆ ಗಾಢ ಕೆಂಪು. ಏನೂ ಆಗಿಲ್ಲವೆಂಬಂತೆ ಇನ್ನು ಕೆಲವು ಹೆಜ್ಜೆ ನಡೆದು ಎಡೆ ಇಟ್ಟಿದ್ದರೆ ಈ ಲೋಕದಲ್ಲಿ ಒಬ್ಬರಿಗೂ ತಿಳಿಯುತ್ತಿರಲಿಲ್ಲ. ಇದನ್ನು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ನಾನಾಗಿದ್ದರೆ ನಡೆದುಬಿಡುತ್ತಿದ್ದೆ.

"ಅತ್ತೀ, ನಂದು ತಿರುಗಿ ಬಂತ್ರಿ" ಎಂದಳು ಅವ್ವ, ಆಯಿಗೆ. ಬಂಡಿಯತನಕ ಕೇಳುವ ದನಿ. ಆ ದನಿ ಆಕೆಗೆ ಇದೆಯೆಂದು ನನಗೆ ಅಂದೇ ಗೊತ್ತಾದದ್ದು.

ಆಯಿ ಕೋಲಿನ ಮೇಲೆ ಕೈಯೂರಿದಳು. "ಇಳಸು ಬುಟ್ಟಿ."

"ಇಳಸಂಗಿಲ್ರಿ."

ನನ್ನ ಪಕ್ಕದಲ್ಲಿ ದೊಡ್ಡವ್ವ ಸರಕ್ಕನೆ ತಿರುಗಿದಳು.

"ಏನಂದಿ?" ಎಂದಳು ಆಯಿ.

"ಮುಚ್ಚಿಟ್ಕೊಂಡು ಹೊರಾಕ ನನಗ ಬರಂಗಿಲ್ಲ ಅತ್ತಿ, ಅದಕ್ಕ ಹೇಳ್ದೆ. ಆದ್ರ ಇಳಸಂಗಿಲ್ಲ."

ಆಯಿ ಮಗಳ ಕಡೆ ನೋಡಿದಳು. "ಸಿದ್ದಮ್ಮ, ನೀ ತಗೋ ಆ ಬುಟ್ಟಿ."

"ನಾ ಎದಕ ತಗೋಲಿ? ನಂದು ನೆಲೋಗಿ ಹೊಲ, ಹೊರೂದಿದ್ರ ಅಲ್ಲಿ ಹೊರ್ತೇನಿ" ಎಂದಳು ಸಿದ್ದಮ್ಮತ್ತಿ. "ಇದು ನಿನ್ನ ಸೊಸೆಂದ್ರದು. ಪದ್ಧತಿ ನೀನೇ ಹೇಳಿದ್ದು ಹೌದಿಲ್ಲೋ?"

ಬಾವಿಯ ಕಡೆಯಿಂದ ಗಂಡಸರು ಏನು ತಡವೆಂದು ಕೂಗಿ ಕೇಳಿದರು.

"ಭೂಮಿತಾಯಿ ಬಸುರಿ ಅದಾಳ ಕಾಶಿ" ಎಂದಳು ಆಯಿ. ಆ ದನಿಯಲ್ಲಿ ಸಿಟ್ಟಿಗಿಂತ ಅಂಜಿಕೆಯೇ ಹೆಚ್ಚಿತ್ತು. "ಆಕಿಗಿ ಏನಾರ ಆದ್ರ? ವರ್ಷದ ಬೆಳಿ ಅದ."

"ಬಸುರಿ ಅಂತನೇ ಹೇಳಾಕತ್ತೇನ್ರಿ. ಹಡಿಯೋ ಹೆಣಮಗಳು ನೆತ್ತರ ಕಂಡು ಅಂಜ್ತಾಳೇನ್ರಿ?"

ಅವ್ವನ ಕುತ್ತಿಗೆ ಮತ್ತೆ ಕೆಂಪೇರಿತ್ತು. ಬೆವರು ಕಿವಿಯ ಹಿಂದಿನಿಂದ ಇಳಿಯುತ್ತಿತ್ತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಆಯಿ ಇನ್ನೊಮ್ಮೆ ಇಳಿಸು ಎಂದರೆ ಅವ್ವ ಜೀವಮಾನದಲ್ಲಿ ಮತ್ತೆ ಬಾಯಿ ತೆರೆಯುವುದಿಲ್ಲವೆಂದು ನನಗೆ ಖಾತ್ರಿಯಿತ್ತು.

ಆಗ ಬಂಡಿಯಲ್ಲಿ ದೊಡ್ಡವ್ವ ಎದ್ದು ನಿಂತಳು. ಬುಟ್ಟಿ ತಪ್ಪಿದವಳು. ಒಂದು ವಾರ ರೊಟ್ಟಿಯ ಮೇಲೆ ಸಿಟ್ಟು ತೀರಿಸಿಕೊಂಡವಳು. ಈಗ ಆಕೆ ಏನನ್ನುತ್ತಾಳೋ ಎಂದು ನಾನು ಸೆರಗು ಹಿಡಿದೆಳೆದೆ. ಆಕೆ ನನ್ನ ಕೈ ಕೊಡವಿದಳು.

"ಅತ್ತೀ! ಆ ಬುಟ್ಟ್ಯಾಗಿನ ಕಡಬು ಯಾರು ಮಾಡ್ಯಾರ್ರಿ? ನಾ ಮಾಡೇನಿ. ಭಜ್ಜಿ ಯಾರು ಕುದಿಸ್ಯಾರ? ನಾ ಕುದಿಸೇನಿ. ಇವತ್ತ ನಂದು ಮೂರನೇ ದಿನ, ನಿಮಗ ಗೊತ್ತದ. ಹೋದ ವರ್ಷನೂ ಹಿಂಗೇ ಇತ್ತು, ಅದ್ರ ಹಿಂದಿನ ವರ್ಷನೂ ಹಿಂಗೇ. ಬೆಳಿ ಬಂದಿಲ್ಲೇನು? ಅಡಗಿ ಮಾಡೂ ಕೈ ಆಗ್ತದ, ಹೊರೂ ತಲಿ ಆಗಂಗಿಲ್ಲೇನ್ರಿ?"

ಗಾಳಿಗೆ ಜೋಳದ ರವದಿ ಎಲೆಗಳು ಸರಬರ ಸದ್ದು ಮಾಡಿದವು. ಆಯಿಯ ಕೈ ತಾನಾಗಿ ಎದೆಯ ಮೇಲಿನ ಬೆಳ್ಳಿಯ ಗುಂಡಗಡಿಗೆಗೆ ಹೋಯಿತು. ಅದರೊಳಗೆ ಆಕೆಯ ಲಿಂಗ. ಹುಟ್ಟಿದಾಗಿನಿಂದ ಆಕೆಯ ಮೈಬಿಟ್ಟು ಇಳಿಯದ್ದು, ಪ್ರತಿ ಹೆರಿಗೆಯಲ್ಲೂ ಪ್ರತಿ ತಿಂಗಳೂ ಆಕೆಯ ಜೊತೆಗೇ ಇದ್ದದ್ದು. ಅದನ್ನು ಹಿಡಿದುಕೊಂಡು ಆಯಿ ಬೆಳೆಯ ಕಡೆ ನೋಡಿದಳು, ಅವ್ವನ ಕಡೆ ನೋಡಿದಳು, ಬಂಡಿಯಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತ ದೊಡ್ಡವ್ವನ ಕಡೆ ನೋಡಿದಳು. ನಮ್ಮ ಆಯಿ ಸೋಲುವ ಹೆಂಗಸಲ್ಲ. ಆಕೆ ಸೋತದ್ದನ್ನು ನಾನು ನೋಡಿಲ್ಲ, ಅಂದೂ ನೋಡಲಿಲ್ಲ.

"ತುಂಬಿದ ಬಸುರಿನ್ನ ಇಷ್ಟೊತ್ತು ಉಪಾಸ ಕೂಡಸ್ತಾರೇನಬೇ? ಮಾತು ಭಾಳಾತು. ಎಡಿ ಹಿಡೀರಿ ಜಲ್ದಿ" ಎಂದು ಗದರಿದಳು. ಆಮೇಲೆ ಕೋಲನ್ನು ಬಂಡಿಯ ಕಡೆ ಚಾಚಿ, "ಏ ನೀಲಾ! ಬಂಡ್ಯಾಗ ನಿಂತು ಒದರಬ್ಯಾಡ. ಇಳದು ಬಾ. ಆ ಹುಡುಗಿನ್ನೂ ಕರ್ಕೊಂಡು ಬಾ" ಎಂದಳು.

ದೊಡ್ಡವ್ವ ಸೆರಗಿನಿಂದ ಕಣ್ಣು, ಮೂಗು, ಮುಖವೆಲ್ಲ ಒಟ್ಟಿಗೆ ಒರೆಸಿಕೊಂಡಳು. ಆಮೇಲೆ ಬಂಡಿಯ ಗಾಲಿಯ ಮೇಲೆ ಕಾಲಿಟ್ಟು ಇಳಿದು, ನನ್ನ ಕೈ ಹಿಡಿದು ಇಳಿಸಿಕೊಂಡಳು. ನೀರು ಕಂಡ ಹೊಲದ ಕರಿಮಣ್ಣು ತಂಪಾಗಿ ಕಾಲಿಗೆ ಹತ್ತಿತು. ಎಳ್ಳಮಾಸಿಯ ದಿನ ಆ ಮೈಯಲ್ಲಿ ಆ ಮಣ್ಣು ತುಳಿದದ್ದು ನಮ್ಮ ಮನೆಯಲ್ಲಿ ನಾವೇ ಮೊದಲು. ನಾವು ಹತ್ತಿರ ಬರುವುದು ಕೇಳಿಸಿ ಅವ್ವ ಮತ್ತೆ ನಡೆಯತೊಡಗಿದಳು. ಬೆನ್ನು ನೆಟ್ಟಗೆ, ಕುತ್ತಿಗೆ ನೆಟ್ಟಗೆ. ತಿರುಗಿ ನಮ್ಮನ್ನು ನೋಡಲಿಲ್ಲ. ತಲೆಯ ಮೇಲೆ ಬುಟ್ಟಿ ಇದ್ದವರು ತಿರುಗಿ ನೋಡುವುದಿಲ್ಲ.